ಸೇಪಿಕ್ ನದಿಯ ಅಕ್ಕ-ತಮ್ಮಂದಿರು

ವೆವಾಕ್ ಸಂತೆಯಲ್ಲಿ ಸಾಲಾಗಿ ಕೂತ ಹೆಂಗಸರ ಮುಂದೆಲ್ಲ ಅಡಿಕೆ. ಹಣ್ಣಾಗುವ ಮೊದಲೇ ಕೊಯ್ದ ಹಸಿರು ಕಾಯಿಗಳನ್ನು ನಾಲ್ಕೈದರಂತೆ ಗುಡ್ಡೆ ಮಾಡಿ ಇಟ್ಟಿದ್ದರು. ಪಕ್ಕದಲ್ಲಿ ವೀಳ್ಯದ ಬಳ್ಳಿಯ ಬೆರಳುದ್ದದ ಹಸಿ ಕಾಯಿ. ಇಲ್ಲಿಯವರಿಗೆ ಎಲೆಗಿಂತ ಅದೇ ಬೇಕು. ಜೊತೆಗೆ ಹವಳ ಸುಟ್ಟು ಮಾಡಿದ ಸುಣ್ಣ. ಸಾಗರದ ಕಡೆ ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ಪಪುವಾ ನ್ಯೂಗಿನಿಯಲ್ಲಿ ಮೊದಲು ಗುರುತು ಹತ್ತಿದ್ದು ಈ ವಾಸನೆ. ಅಡಿಕೆಗೆ ಬುವಾಯ್ ಅನ್ನುತ್ತಾರೆ. ಹಲ್ಲಿನಲ್ಲೇ ಸಿಪ್ಪೆ ಸುಲಿದು, ಹೋಳು ಅಗಿದು, ಬಳ್ಳಿಕಾಯಿಯನ್ನು ಸುಣ್ಣದಲ್ಲಿ ಅದ್ದಿ ಕಚ್ಚುವುದು. ಬಾಯಿ ಕೆಂಪಾಗುವುದು, ಉಗುಳುವುದು, ಉಗುಳಬೇಡಿ ಎಂಬ ಬೋರ್ಡಿನ ಮೇಲೇ ಉಗುಳುವುದು, ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ.

ತಮ್ಮ ಲೇ ಪಟ್ಟಣದ ಯೂನಿವರ್ಸಿಟಿಯಲ್ಲಿ ಮೇಷ್ಟ್ರು. ವರ್ಷಗಟ್ಟಲೆ ಈ ದೇಶದಲ್ಲಿದ್ದೂ ಸೇಪಿಕ್ ನದಿ ನೋಡಿರಲಿಲ್ಲ. "ಮುಖವಾಡ ನೋಡೋಕೆ ಅಷ್ಟು ದೂರ ಯಾಕೆ ಅಕ್ಕ? ಮೊರೆಸ್ಬಿ ಏರ್‌ಪೋರ್ಟಲ್ಲೇ ರಾಶಿ ಹಾಕಿರ್ತಾರೆ" ಅಂತ ಫೋನಿನಲ್ಲಿ ಗೊಣಗಿದವನು ಕೊನೆಗೆ ರಜೆ ಹಾಕಿ ಜೊತೆಗೆ ಹೊರಟ. ನನಗೆ ಈ ಹುಚ್ಚು ಹತ್ತಿದ್ದು ಬರ್ಲಿನ್‌ನ ಮ್ಯೂಸಿಯಂ ಒಂದರಲ್ಲಿ. ಉದ್ದ ಮುಖ, ಹಣೆಯಿಂದ ಇಳಿದು ಗಲ್ಲವನ್ನೂ ದಾಟುವ ಮೂಗು, ಮೂಗಿನ ತುದಿಗೆ ಒಂದು ಹಕ್ಕಿಯ ತಲೆ, ಕೆನ್ನೆ ಹಣೆಗೆಲ್ಲ ಪುಟ್ಟ ಪುಟ್ಟ ಚಿಪ್ಪು. ಗಾಜಿನ ಕೆಳಗೆ ಬರೆದದ್ದು ಇಷ್ಟೇ: ಮುಖವಾಡ, ಮರ, ಮಣ್ಣು, ಚಿಪ್ಪು, ಸೇಪಿಕ್. ಅದು ಯಾರ ಮುಖ ಅಂತ ಬರೆದಿರಲಿಲ್ಲ.

ಬರ್ಲಿನ್‌ಗೆ ಅದು ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ನ್ಯೂಗಿನಿ ದ್ವೀಪದ ಈಶಾನ್ಯ ಭಾಗ 1884ರಿಂದ 1914ರವರೆಗೆ ಜರ್ಮನರ ವಸಾಹತು. ನದಿಗೆ 1885ರಲ್ಲಿ ಒಟ್ಟೊ ಫಿನ್ಶ್ ಎಂಬ ಪರಿಶೋಧಕ ತನ್ನ ದೊರೆಯ ಹೆಂಡತಿ ಆಗಸ್ಟಾಳ ಹೆಸರನ್ನೇ ಇಟ್ಟುಬಿಟ್ಟಿದ್ದ. ಆಮೇಲೆ 1912-13ರಲ್ಲಿ ದೊಡ್ಡದೊಂದು ಜರ್ಮನ್ ತಂಡ ಹಡಗು ತಂದು, ನದಿಯ ಮೇಲಕ್ಕೂ ಕೆಳಕ್ಕೂ ಓಡಾಡಿ, ಸಾವಿರಾರು ವಸ್ತುಗಳನ್ನು ತುಂಬಿಕೊಂಡು ಹೋಯಿತು. ಕೊಡಲಿ, ಚಾಕು, ಮಣಿ ಕೊಟ್ಟು ಕೊಂಡದ್ದು ಎಷ್ಟೋ, ಕೊಡದೆ ಎತ್ತಿದ್ದು ಎಷ್ಟೋ. ಮಹಾಯುದ್ಧದ ಮುನ್ನಾ ವರ್ಷಗಳಲ್ಲಿ ಯುರೋಪಿನ ಚಿತ್ರಕಾರರು ಬೆರಗಾಗಿ ನೋಡಿದ್ದು ಹೀಗೆ ಬಂದ ಸರಕನ್ನೇ.

ಮೆಲನೇಷ್ಯ ಅಂದರೆ ನ್ಯೂಗಿನಿಯಿಂದ ಫಿಜಿಯವರೆಗೆ ಹಬ್ಬಿದ ದ್ವೀಪಗಳ ಸರಣಿ. ಅಲ್ಲಿ ಮುಖವಾಡ ಎಂದರೆ ಎಲ್ಲೆಡೆ ಮರವೇ ಅಲ್ಲ. ನ್ಯೂಬ್ರಿಟನ್ನಿನ ಬೈನಿಂಗ್ ಜನ ಮರದ ತೊಗಟೆಯ ಬಟ್ಟೆಯಲ್ಲಿ ದೊಡ್ಡ ಕಣ್ಣಿನ ಮುಖ ಕಟ್ಟಿ ಬೆಂಕಿಯ ಮೇಲೆ ಕುಣಿಯುತ್ತಾರೆ. ನ್ಯೂ ಐರ್ಲೆಂಡ್ ದ್ವೀಪದಲ್ಲಿ ಸತ್ತವರ ಕೊನೆಯ ಕಾರ್ಯಕ್ಕೆ ತಿಂಗಳುಗಟ್ಟಲೆ ಕೆತ್ತಿದ ಮಲಗನ್ ಎಂಬ ಮರದ ಕೆತ್ತನೆಗಳನ್ನು ಕಾರ್ಯ ಮುಗಿದ ಮೇಲೆ ಕೊಳೆಯಲು ಬಿಡುತ್ತಿದ್ದರು, ಇಲ್ಲವೇ ಸುಡುತ್ತಿದ್ದರು. ವಸಾಹತಿನ ಕಾಲದಲ್ಲಿ ಬಿಳಿಯರಿಗೆ ಮಾರಿದರು. ಮಾರುವುದೂ ಅವರಿಗೆ ವಿಸರ್ಜನೆಯೇ. ಮರದ ಕೆತ್ತನೆಯ ವೈವಿಧ್ಯಕ್ಕೆ ಮಾತ್ರ ಸೇಪಿಕ್‌ಗೆ ಸಾಟಿ ಇಲ್ಲ ಎನ್ನಬಹುದು. 800ಕ್ಕೂ ಹೆಚ್ಚು ಭಾಷೆಗಳಿರುವ ದೇಶದಲ್ಲಿ 1,126 ಕಿಲೋಮೀಟರ್ ಉದ್ದಕ್ಕೆ ತೆವಳುವ ನದಿ. ದಡದಲ್ಲಿ ದೊಡ್ಡ ಪಟ್ಟಣ ಎನ್ನುವಂಥದ್ದು ಒಂದೂ ಇಲ್ಲ. ಹತ್ತು ತಿರುವು ದಾಟಿದರೆ ಮಾತೂ ಬದಲು, ಮುಖದ ಕೆತ್ತನೆಯೂ ಬದಲು.

ವೆವಾಕ್‌ನಿಂದ ಪಾಗ್ವಿ ಎಂಬ ನದೀದಡಕ್ಕೆ ರಸ್ತೆ ಇದೆ. ನಾಲ್ಕೈದು ಗಂಟೆ ಸಾಕು ಅಂದಿದ್ದರು. ಮಳೆ ಬಂದಿದ್ದರಿಂದ ಸಂಜೆಯಾಯಿತು. ನಾವು ಹತ್ತಿದ್ದು ಪಿಎಂವಿ, ಅಂದರೆ ಜನರನ್ನೂ ಹಂದಿಯನ್ನೂ ಅಕ್ಕಿ ಮೂಟೆಯನ್ನೂ ಒಟ್ಟಿಗೆ ಒಯ್ಯುವ ಲಾರಿ. ದಾರಿಯಲ್ಲಿ ಮಾಪ್ರಿಕ್ ಸಿಗುತ್ತದೆ. ಅಬೆಲಾಮ್ ಜನರ ನಾಡು. ಅವರ ದೈವದ ಮನೆಗಳು ಮುಂದಕ್ಕೆ ಬಾಗಿದ ತ್ರಿಕೋನದಂತೆ ಎದ್ದು ನಿಲ್ಲುತ್ತವೆ, ಮುಂಭಾಗದ ತುಂಬ ಕೆಂಪು, ಬಿಳಿ, ಕಪ್ಪು, ಹಳದಿ ಮುಖಗಳು. ಅಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಮನೆಯಲ್ಲ, ಒಬ್ಬರ ಜಗಲಿಯಲ್ಲಿ ನೇತುಹಾಕಿದ್ದ ಅಂಗೈಯಗಲದ ಮರದ ಮುಖ. ಮಕ್ಕಳ ಆಟಕ್ಕೋ ಎಂದು ಕೇಳಿದೆ. ಅಲ್ಲ, ಗೆಣಸಿಗೆ!

ಅಬೆಲಾಮ್ ಗಂಡಸರು ಬಳ್ಳಿಯ ಹೆಗ್ಗೆಣಸು ಬೆಳೆಯುವುದರಲ್ಲಿ ಪೈಪೋಟಿ ನಡೆಸುತ್ತಾರೆ. ಒಂದೊಂದು ಗೆಣಸು ಎರಡು ಮೂರು ಮೀಟರ್ ಉದ್ದ. ಅದಕ್ಕಾಗಿ ಆಳದ ಗುಂಡಿ ತೋಡಿ ಮಣ್ಣು ಹುಡಿಮಾಡಿ ತುಂಬಬೇಕು. ಬೆಳೆ ಮುಗಿಯುವವರೆಗೆ ಗಂಡಸು ಹೆಂಡತಿಯ ಹತ್ತಿರ ಸುಳಿಯುವಂತಿಲ್ಲ, ಹೆಂಗಸರು ಆ ತೋಟಕ್ಕೆ ಕಾಲಿಡುವಂತಿಲ್ಲ. ಅಗೆದು ತೆಗೆದ ಮೇಲೆ ಗೆಣಸಿಗೆ ಮುಖವಾಡ ಕಟ್ಟಿ, ಪುಕ್ಕ, ಚಿಪ್ಪಿನ ಸರ, ಹೂವು ಹಾಕಿ ಮದುಮಗನ ಹಾಗೆ ಸಿಂಗರಿಸಿ ಅಂಗಳದಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಆಮೇಲೆ ಅತಿ ದೊಡ್ಡದನ್ನು ಎದುರಾಳಿಗೇ ಕೊಡುವುದು. ಬರುವ ವರ್ಷ ಅವನು ಅಷ್ಟೇ ದೊಡ್ಡದನ್ನು ಹಿಂದಿರುಗಿಸದಿದ್ದರೆ ಅವನ ಮಾನ ಹೋಯಿತು. ಮುಖವಾಡ ಎಂದರೆ ಮನುಷ್ಯ ತನ್ನ ಮುಖ ಮುಚ್ಚಿಕೊಳ್ಳುವ ವಸ್ತು ಎಂಬ ನನ್ನ ತಿಳಿವಳಿಕೆ ನದಿ ತಲುಪುವ ಮೊದಲೇ ಸಡಿಲವಾಗಿತ್ತು.

ಪಾಗ್ವಿಯಲ್ಲಿ ದೋಣಿ ಹಿಡಿದೆವು. ಒಂದೇ ದಿಮ್ಮಿ ಕೊರೆದ ಉದ್ದನೆಯ ದೋಣಿ, ಮೂತಿಯಲ್ಲಿ ಕೆತ್ತಿದ ಮೊಸಳೆ ತಲೆ, ಹಿಂದೆ ಔಟ್‌ಬೋರ್ಡ್ ಮೋಟಾರು. ದೋಣಿಯವನು ನಡು ಸೇಪಿಕ್‌ನ ಇಯಾತ್ಮುಲ್ ಜನದವನು. ಬೆನ್ನ ಮೇಲೆ ಹೆಗಲಿಂದ ಸೊಂಟದವರೆಗೆ ಸಾಲು ಸಾಲು ಗಂಟು. ದೀಕ್ಷೆಯಲ್ಲಿ ಕೊಯ್ದ ಗಾಯ ಉಬ್ಬಿ ಮೊಸಳೆಯ ಚರ್ಮದಂತೆ ಆದದ್ದು. ಆದಿಯಲ್ಲಿ ಎಲ್ಲ ನೀರೇ, ಮೊಸಳೆಯೊಂದು ಬಾಯಿ ತೆರೆದಾಗ ಕೆಳದವಡೆ ನೆಲವಾಯಿತು, ಮೇಲ್ದವಡೆ ಆಕಾಶವಾಯಿತು ಎಂದು ಅವರ ಕಥೆ. ಹುಡುಗನನ್ನು ಮೊಸಳೆ ನುಂಗಿ ಗಂಡಸಾಗಿ ಉಗುಳುತ್ತದೆ. ಬೆನ್ನ ಮೇಲಿನವು ಅದರ ಹಲ್ಲಿನ ಗುರುತು. ಮೊದಲು ಬಿದಿರಿನ ಸಿಗುರಿನಲ್ಲಿ ಕೊಯ್ಯುತ್ತಿದ್ದರು, ಈಗ ಬ್ಲೇಡು. ನೋವಾಯಿತಾ ಅಂತ ತಮ್ಮ ಕೇಳಿದ. ದೋಣಿಯವನು ಅವನನ್ನು ಮೇಲಿಂದ ಕೆಳಗೆ ನೋಡಿ ಮೋಟಾರಿನ ವೇಗ ಹೆಚ್ಚಿಸಿದ.

ನದಿ ಇಲ್ಲಿ ಅಗಲ, ಕಂದು, ನಿಧಾನ. ದಡದಲ್ಲಿ ಆಳೆತ್ತರದ ಕಬ್ಬಿನಂಥ ಹುಲ್ಲು. ತೇಲಿ ಬರುವ ಹುಲ್ಲಿನ ದಿಬ್ಬಗಳ ಮೇಲೆ ಬಿಳಿ ಕೊಕ್ಕರೆಗಳು ಪುಕ್ಕಟೆ ಪ್ರಯಾಣ ಮಾಡುತ್ತವೆ. 1970ರ ದಶಕದ ಕೊನೆಗೆ ಸಾಲ್ವೀನಿಯಾ ಎಂಬ ದಕ್ಷಿಣ ಅಮೆರಿಕದ ನೀರುಕಳೆ ಇಲ್ಲಿನ ಕೆರೆ ಕಾಲುವೆಗಳನ್ನೆಲ್ಲ ಮುಚ್ಚಿ, ದೋಣಿ ಓಡದೆ, ಮೀನು ಸಿಗದೆ, ಎಷ್ಟೋ ಹಳ್ಳಿಗಳು ಖಾಲಿಯಾಗುವ ಹಂತ ಬಂದಿತ್ತು. ಕೊನೆಗೆ ಅದೇ ಸೀಮೆಯ ಒಂದು ಸಣ್ಣ ಮೂತಿಹುಳ ತಂದು ಬಿಟ್ಟರು; ಕೆಲವೇ ವರ್ಷಗಳಲ್ಲಿ ಅದು ಕಳೆಯನ್ನು ತಿಂದು ಮುಗಿಸಿತು. ಇವತ್ತಿನ ಭಯ ಬೇರೆ. ಮೇಲ್ಹರಿವಿನ ಫ್ರೀಡಾ ನದಿಯ ಹತ್ತಿರ ತಾಮ್ರ-ಚಿನ್ನದ ಗಣಿಯ ಪ್ರಸ್ತಾಪವಿದೆ. 2020ರಲ್ಲಿ ನದಿಯುದ್ದದ ಹಳ್ಳಿಗಳು ತಮ್ಮ ದೈವದ ಮನೆಗಳ ಹೆಸರಲ್ಲೇ ಒಟ್ಟಾಗಿ ಗಣಿ ಬೇಡವೆಂಬ ಘೋಷಣೆ ಹೊರಡಿಸಿದವು. ಗ್ರಾಮಸಭೆ, ಪಕ್ಷ, ಸಂಘ ಯಾವುದೂ ಅಲ್ಲ, ದೈವದ ಮನೆ. ಇಲ್ಲಿ ಕೊನೆಯ ಮಾತು ಎಲ್ಲಿ ಹುಟ್ಟುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ರಾತ್ರಿ ಕೊರೊಗೊ ಹಳ್ಳಿಯ ಒಂದು ಮನೆಯಲ್ಲಿ. ಕಂಬದ ಮೇಲೆ ಎತ್ತಿ ಕಟ್ಟಿದ ಮನೆ, ಸಾಗೋ ತಾಳೆಯ ಗರಿಯ ಮಾಡು. ಊಟಕ್ಕೆ ಹೊಗೆ ಹಾಕಿದ ಮೀನು ಮತ್ತು ಸಾಗೋ ರೊಟ್ಟಿ. ನಮ್ಮ ಸಾಬಕ್ಕಿ ಮರಗೆಣಸಿನದು. ಇಲ್ಲಿಯದು ತಾಳೆ ಮರದ ತಿರುಳನ್ನು ಕೆತ್ತಿ, ತೊಳೆದು, ತಿಳಿಯಲು ಬಿಟ್ಟು ತೆಗೆದ ಹಿಟ್ಟು. ಎಣ್ಣೆಯಿಲ್ಲದೆ ಮಣ್ಣಿನ ಕಾವಲಿಯಲ್ಲಿ ಬೇಯಿಸಿದ್ದು ಬಿಸಿಯಿದ್ದಾಗ ತಿನ್ನಬೇಕು, ಆರಿದರೆ ಚಪ್ಪಲಿ. ಸೊಳ್ಳೆಯ ಬಗ್ಗೆ ಬರೆಯುವುದಿಲ್ಲ.

ಪಾಲಿಂಬೈಗೆ ನದಿಯಿಂದ ಒಳಕ್ಕೆ ನಡೆಯಬೇಕು. ನೀರು ಏರಿದ್ದರೆ ಕಾಲುವೆಯಲ್ಲೇ ದೋಣಿ ಹೋಗುತ್ತದಂತೆ. ನಮಗೆ ಮೊಣಕಾಲುದ್ದ ಕೆಸರು ಸಿಕ್ಕಿತು. ತೆಂಗಿನ ಮರಗಳ ಸಾಲು, ಕಸ ಗುಡಿಸಿದ ಅಗಲವಾದ ಅಂಗಳ, ಅದರಲ್ಲಿ ನಿಂತ ಹೌಸ್ ತಂಬರಾನ್, ಅಂದರೆ ದೈವದ ಮನೆ. ಎರಡು ಅಂತಸ್ತು, ಮಾಡಿನ ಎರಡೂ ತುದಿ ಕೊಂಬಿನ ಹಾಗೆ ಮೇಲಕ್ಕೆ ಎದ್ದಿತ್ತು. ಮುಂಭಾಗದ ತ್ರಿಕೋನದಲ್ಲಿ ಒಂದು ದೊಡ್ಡ ಹೆಣ್ಣಿನ ಮುಖ, ಬಿಟ್ಟ ಕಣ್ಣು, ತೆರೆದ ಬಾಯಿ. ಗಂಡಸರಿಗೆ ಮಾತ್ರ ಸೇರಿದ ಈ ಮನೆಯೇ ಒಬ್ಬ ಹೆಂಗಸು, ಒಳಗೆ ಹೋದವರೆಲ್ಲ ಅವಳ ಹೊಟ್ಟೆಯಲ್ಲಿ. ಊರಿನ ಹೆಂಗಸರು ಒಳಗೆ ಬರುವಂತಿಲ್ಲ. ನಾನು ಬರಬಹುದಂತೆ, ದೂರದಿಂದ ಬಂದವಳು, ಟಿಕೆಟ್ ದುಡ್ಡು ಕೊಟ್ಟವಳು. ಹತ್ತಿರದ ಕಂಗನಮಾನ್‌ನಲ್ಲಿ ಇರುವಂಥದ್ದೇ ಹಳೆಯ ಮನೆಯನ್ನು ಸರ್ಕಾರ ರಾಷ್ಟ್ರೀಯ ಸ್ವತ್ತು ಎಂದು ಘೋಷಿಸಿದೆ. ಅಲ್ಲಿಯೂ ಇದೇ ನಿಯಮ. ನನಗೆ ಸಿಕ್ಕ ವಿನಾಯಿತಿ ಗೌರವವೋ ವ್ಯಾಪಾರವೋ ತೀರ್ಮಾನಿಸಲಾಗದೆ ಒಳಗೆ ಹೋದೆ.

ಒಳಗೆ ಹೊಗೆ. ಸೊಳ್ಳೆಗೆಂದು ಹಾಕಿದ ಒಲೆಗಳು, ಎರಡೂ ಕಡೆ ಉದ್ದ ಜಗಲಿ, ಒಂದೊಂದು ಕುಲಕ್ಕೆ ಒಂದೊಂದು ಜಾಗ. ಕಂಬಗಳ ತುಂಬ ಮುಖಗಳು. ಮಧ್ಯೆ ಗರಾಮುತ್, ದಿಮ್ಮಿಯನ್ನು ಸೀಳಿನಿಂದ ಒಳಗೆ ಕೊರೆದು ಮಾಡಿದ ನಗಾರಿ, ಎರಡೂ ತುದಿಗೆ ಮೊಸಳೆ ತಲೆ. ಒಂದು ಕಡೆ ಮನುಷ್ಯಾಕೃತಿಯ ಬೆನ್ನಿಗೆ ಅಂಟಿದ ಹಾಗೊಂದು ಸ್ಟೂಲು. ಕೂರಲು ಹೋದ ತಮ್ಮನ ತೋಳು ಹಿಡಿದು ಎಳೆದರು. ಅದರ ಮೇಲೆ ಯಾರೂ ಕೂರುವುದಿಲ್ಲ. ಊರಿನ ವ್ಯಾಜ್ಯ ಬಂದಾಗ ಮಾತಾಡುವವನು ಅದರ ಪಕ್ಕ ನಿಂತು, ಒಂದೊಂದು ಮಾತಿಗೂ ಎಲೆಯ ಕಟ್ಟಿನಿಂದ ಸ್ಟೂಲಿಗೆ ಹೊಡೆಯುತ್ತಾನೆ.

ಯಾವ ವ್ಯಾಜ್ಯ? ಜಾಗದ್ದೂ ಇರುತ್ತದೆ, ಹೆಣ್ಣಿನದೂ ಇರುತ್ತದೆ. ಆದರೆ ಬಿಸಿಯೇರುವುದು ಹೆಸರಿಗೆ. ಪ್ರತಿ ಕುಲಕ್ಕೂ ತನ್ನವೇ ಆದ ಹೆಸರುಗಳಿವೆ: ಪೂರ್ವಜರ ಹೆಸರು, ಅವರು ನಡೆದ ದಾರಿಯ, ನೆಟ್ಟ ಮರದ, ಕೊಂದ ಹಕ್ಕಿಯ, ಊದಿದ ಕೊಳಲಿನ, ಧರಿಸಿದ ಮುಖವಾಡದ ಹೆಸರು. ಜೋಡಿ ಜೋಡಿಯಾಗಿ ಮಂತ್ರದಂತೆ ಹೇಳುತ್ತಾರೆ. 1930ರ ಸುಮಾರಿಗೆ ಇದೇ ಪಾಲಿಂಬೈ, ಕಂಗನಮಾನ್‌ಗಳಲ್ಲಿ ಇದ್ದ ಗ್ರೆಗರಿ ಬೇಟ್ಸನ್ ಎಂಬ ಮಾನವಶಾಸ್ತ್ರಜ್ಞ, ಬಲ್ಲ ಹಿರಿಯನೊಬ್ಬನ ತಲೆಯಲ್ಲಿ ಹತ್ತರಿಂದ ಇಪ್ಪತ್ತು ಸಾವಿರ ಹೆಸರು ಇರುತ್ತವೆ ಎಂದು ಅಂದಾಜು ಮಾಡಿದ್ದ. ಬೇರೆ ಕುಲದವನು ನಮ್ಮ ಹೆಸರನ್ನು ತನ್ನದೆಂದರೆ ಅದು ಕಳ್ಳತನ. ಹೆಸರಿನ ಗುಟ್ಟು ನಿನಗೆ ಗೊತ್ತಿದೆ ಎಂದು ತೋರಿಸಬೇಕು, ಆದರೆ ಪೂರ್ತಿ ಬಿಟ್ಟುಕೊಡಬಾರದು. ಸಭೆಯ ಜಾಣತನವೆಲ್ಲ ಅದರಲ್ಲೇ.

ಮುಖವಾಡ ಕೆತ್ತುವವನು ಮನೆಯ ಕೆಳಗಿನ ನೆರಳಲ್ಲಿ ಕೂತಿದ್ದ. ಐವತ್ತು ದಾಟಿದ ಮನುಷ್ಯ, ಬಣ್ಣ ಹೋದ ಫುಟ್‌ಬಾಲ್ ಜೆರ್ಸಿ, ಬಾಯಲ್ಲಿ ಬುವಾಯ್. ಕೈಯಲ್ಲಿ ಬಾಚಿ. ಅದರ ಅಲಗು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿ ತಟ್ಟಿ ಮಾಡಿದ್ದು. ಅಜ್ಜನ ಕಾಲಕ್ಕೆ ಕಲ್ಲಿನದು ಇತ್ತು, ತೋರಿಸಲೇ ಅಂತ ಕೇಳಿ, ಮನೆಯೊಳಗಿಂದ ಬಟ್ಟೆ ಸುತ್ತಿದ ಕಲ್ಲೊಂದನ್ನು ತಂದ. ಹಗುರ ಮರದ ದಿಮ್ಮಿಯನ್ನು ಉದ್ದಕ್ಕೆ ಸೀಳಿ, ಒಳಭಾಗ ತೋಡುವುದು ಮೊದಲು. ಮುಖ ಆಮೇಲೆ. ಮೂಗು ಬೇರೆ ಮಾಡಿ ಅಂಟಿಸುವುದಿಲ್ಲ, ಒಂದೇ ಮರದಲ್ಲಿ ಬರಬೇಕು. ಹಾಗಾಗಿ ಇಡೀ ಮುಖವನ್ನು ಮೂಗಿನ ಎತ್ತರದಿಂದ ಕೆಳಕ್ಕೆ ಕೆತ್ತಿ ಇಳಿಸಬೇಕು. ಒಂದು ಏಟು ಹೆಚ್ಚಾದರೆ ಮೂಗಿನ ಬಳುಕು ಮುರಿಯುತ್ತದೆ. ಮೂಲೆಯಲ್ಲಿ ಹಾಗೆ ಮುರಿದವು ಮೂರ್ನಾಲ್ಕು ಸೌದೆಯ ಜೊತೆ ಬಿದ್ದಿದ್ದವು.

ಕೆತ್ತನೆ ಮುಗಿದ ಮುಖವೊಂದಕ್ಕೆ ಅವನು ಚಿಪ್ಪು ಕೂರಿಸುತ್ತಿದ್ದ. ಜೇಡಿಮಣ್ಣಿಗೆ ಮರದ ಎಣ್ಣೆ ಹಾಕಿ ನಾದಿದ ಕಪ್ಪು ಮುದ್ದೆ. ಬೆರಳಲ್ಲಿ ತೆಳ್ಳಗೆ ಬಳಿದು, ಹಣೆಯ ನಡುವಿಂದ ಶುರುಮಾಡಿ, ಕಡಲೆ ಗಾತ್ರದ ಬಿಳಿ ಚಿಪ್ಪುಗಳನ್ನು ಒಂದರ ಪಕ್ಕ ಒಂದು ಒತ್ತುತ್ತ ಹೋಗುವುದು. ಪ್ರತಿ ಚಿಪ್ಪಿನ ಬೆನ್ನು ಮೊದಲೇ ಉಜ್ಜಿ ಒಡೆದಿರುತ್ತದೆ, ಮಣ್ಣು ಒಳಗೆ ಹಿಡಿಯಲಿ ಅಂತ. ಇವು ನದಿಯ ಚಿಪ್ಪಲ್ಲ, ಕಡಲಿನವು. ಕೈಯಿಂದ ಕೈಗೆ ಬದಲಾಗುತ್ತ ಕರಾವಳಿಯಿಂದ ಒಳನಾಡಿಗೆ ಬಂದು, ದುಡ್ಡಿನ ಹಾಗೆಯೂ ನಡೆದಂಥವು. ಕಣ್ಣಿನ ಸುತ್ತ ಸುರುಳಿ, ಕೆನ್ನೆಯ ಮೇಲೆ ಇನ್ನೊಂದು ಸುರುಳಿ, ಗಲ್ಲಕ್ಕೆ ಕಾಡುಹಂದಿಯ ಕೋರೆ, ತಲೆಗೆ ಕ್ಯಾಸೊವರಿ ಹಕ್ಕಿಯ ಕಪ್ಪು ಪುಕ್ಕ. ಹಳೆಯ ಕಾಲದಲ್ಲಿ ಮನುಷ್ಯರ ಕೂದಲನ್ನೂ ಕಟ್ಟುತ್ತಿದ್ದರು. ಬಣ್ಣಕ್ಕೆ ಇದ್ದಿಲು, ಸುಣ್ಣ, ಕೆಮ್ಮಣ್ಣು. ಅವನ ಹೆಬ್ಬೆರಳು ಒತ್ತಿದ ಕಡೆಯೆಲ್ಲ ಮಣ್ಣು ಚಿಪ್ಪಿನ ಸಂದಿಯಿಂದ ಉಬ್ಬಿ ಬರುತ್ತಿತ್ತು. ಅದನ್ನು ಉಗುರಿನಲ್ಲಿ ಸವರಿ ತೆಗೆದು ಮತ್ತೆ ಮುದ್ದೆಗೆ ಸೇರಿಸುತ್ತಿದ್ದ. ಅರ್ಧ ಹಣೆ ಮುಗಿಯುವಷ್ಟು ಹೊತ್ತು ನಾವು ಮಾತಾಡದೆ ನೋಡಿದೆವು.

ಇದು ಮ್ವಾಯ್. ಬರ್ಲಿನ್‌ನಲ್ಲಿ ನೋಡಿದ್ದೂ ಇದನ್ನೇ. ತಮ್ಮ ಅದನ್ನೆತ್ತಿ ಮುಖಕ್ಕೆ ಹಿಡಿದು ನನ್ನ ಕಡೆ ತಿರುಗಿದ. ಸುತ್ತಲಿದ್ದ ಹುಡುಗರು ಬಿದ್ದು ಬಿದ್ದು ನಕ್ಕರು. ಮ್ವಾಯ್ ಮುಖಕ್ಕೆ ಕಟ್ಟುವುದಲ್ಲ. ಬೆತ್ತದಲ್ಲಿ ಶಂಕುವಿನಾಕಾರದ ದೊಡ್ಡ ಬುಟ್ಟಿ ಹೆಣೆದು ಅದರ ಮುಂಭಾಗಕ್ಕೆ ಮರದ ಮುಖ ಕಟ್ಟುತ್ತಾರೆ. ಬುಟ್ಟಿಯ ಮೈಗೆಲ್ಲ ಎಲೆ, ಹೂವು, ಹಣ್ಣು, ಪುಕ್ಕ. ಅಡಿಗೆ ನಾರಿನ ಲಂಗ. ಕುಣಿಯುವವನು ಪೂರ್ತಿ ಅದರ ಒಳಗೆ. ಒಳಗಿಂದ ಬಿದಿರಿನ ಕೊಳವೆಯಲ್ಲಿ ಮಾತಾಡುತ್ತಾನೆ, ದನಿ ಮನುಷ್ಯರದ್ದಾಗಿ ಕೇಳಬಾರದು. ಮ್ಯೂಸಿಯಂ ಗೋಡೆಗೆ ಬಂದು ತಲುಪಿದ್ದು ಈ ಇಡೀ ಮೈಯಲ್ಲಿ ಹುಳ ಹಿಡಿಯದ, ಬಾಡದ, ಪೆಟ್ಟಿಗೆಯಲ್ಲಿ ಹಿಡಿಸುವ ಭಾಗ ಮಾತ್ರ. ಹಾಡು, ಎಲೆ, ದನಿ, ಬೆವರು ಎಲ್ಲ ದಡದಲ್ಲೇ ಉಳಿಯಿತು.

ಇನ್ನೊಂದು ಸಂಗತಿ. ಮ್ವಾಯ್ ಒಂಟಿಯಾಗಿ ಬರುವುದಿಲ್ಲ. ಇಬ್ಬರು ಅಣ್ಣತಮ್ಮಂದಿರು, ಇಬ್ಬರು ಅಕ್ಕತಂಗಿಯರು, ಹೀಗೆ ಒಂದು ಕುಟುಂಬದ ಒಡಹುಟ್ಟಿದವರಾಗಿ ಎಲೆಯ ಮರೆಯಿಂದ ಅಂಗಳಕ್ಕೆ ಬರುತ್ತಾರೆ. ಒಳಗಿರುವವರು ಎಲ್ಲರೂ ಹರೆಯದ ಗಂಡಸರೇ, ಆದರೂ ಅಕ್ಕ ಅಕ್ಕನೇ, ತಮ್ಮ ತಮ್ಮನೇ. ನಾವಿಬ್ಬರು ಅಕ್ಕ-ತಮ್ಮ ಎಂದು ತಿಳಿದಾಗ ಕೆತ್ತುವವನಿಗೆ ಬಹಳ ಖುಷಿಯಾಯಿತು. ಅಲ್ಲಿಯವರೆಗೆ ನಮ್ಮನ್ನು ಗಂಡ ಹೆಂಡತಿ ಅಂದುಕೊಂಡು ಬೆಲೆ ಹೇಳಿದ್ದನಂತೆ. ಐವತ್ತು ಕಿನಾ ಇಳಿಸಿದ.

ಅಂಗಳದ ಆಚೆ ಸಾಗೋ ರೊಟ್ಟಿ ಮಾಡುತ್ತಿದ್ದ ಹೆಂಗಸೊಬ್ಬಳ ಪಕ್ಕ ಹೋಗಿ ಕೂತೆ. ಮ್ವಾಯ್ ಒಳಗೆ ಯಾರಿರುತ್ತಾರೆ, ನಿಮಗೆ ಗೊತ್ತಾಗುವುದಿಲ್ಲವೇ ಅಂತ ತಮ್ಮನ ಕೈಲಿ ಕೇಳಿಸಬೇಕೆಂದರೆ ಅವನಿಗೆ ಮುಜುಗರ. ಈ ದೇಶದ ಸಂಪರ್ಕ ಭಾಷೆ ಟೋಕ್ ಪಿಸಿನ್. ನನ್ನ ಹರುಕುಮುರುಕು ಟೋಕ್ ಪಿಸಿನ್‌ನಲ್ಲೇ ಕೇಳಿದೆ. ಅವಳು ಕಾವಲಿಯಿಂದ ಕಣ್ಣೆತ್ತದೆ ತನ್ನ ಪಾದ ಮುಟ್ಟಿ ತೋರಿಸಿದಳು. ಕಾಲು ನೋಡಿದರೆ ಯಾರ ಗಂಡ, ಯಾರ ಮಗ ಅಂತ ತಿಳಿಯುವುದಿಲ್ಲವೇ? ತಿಳಿಯುತ್ತದೆ. ಹೇಳುವುದಿಲ್ಲ ಅಷ್ಟೇ. ಗುಟ್ಟು ಕಾಪಾಡುವವರು ಮನೆಯೊಳಗಿನ ಗಂಡಸರು ಎಂದು ಎಷ್ಟು ಜನ ಬರೆದಿಟ್ಟಿದ್ದಾರೋ. ನನಗಂತೂ ಅದರ ಬೀಗದ ಕೈ ಅಂಗಳದಲ್ಲಿ ಇರುವ ಹಾಗೆ ಕಂಡಿತು.

ಕೊನೆಗೆ ಒಂದು ಅಕ್ಕನನ್ನು ಕೊಂಡೆ. ಮೊಣಕೈಯುದ್ದದ್ದು, ಮೂಗಿನ ತುದಿಗೆ ಹಕ್ಕಿ. ಚೀಲಕ್ಕೆ ಹಾಕುವ ಮುಂಚೆ ಇವಳ ಹೆಸರೇನು ಎಂದು ಕೇಳಿದೆ. ಕೆತ್ತುವವನು ನಕ್ಕು, ಮ್ವಾಯ್ ಅಂದ. ಅದು ಜಾತಿಯ ಹೆಸರು, ಇವಳ ಹೆಸರು ಬೇಕು ಅಂದೆ. ಅವನು ತಮ್ಮನ ಕಡೆ ತಿರುಗಿ ಸ್ವಲ್ಪ ಉದ್ದವಾಗಿಯೇ ವಿವರಿಸಿದ. ತಮ್ಮ ಹೇಳಿದ: "ಮರ ಮಾರಿದೆ, ಹೆಸರು ಮಾರಿಲ್ಲ ಅಂತಿದಾನೆ ಅಕ್ಕ. ಕುಣಿಯೋ ಮ್ವಾಯ್‌ಗೆ ಹೆಸರು ಕೊಡ್ತಾರಂತೆ. ಅದು ಅವನ ಕುಲದ್ದು. ಇದಕ್ಕೆ ಕೊಟ್ಟಿಲ್ಲ. ಕೊಟ್ಟಿದ್ದು ಮುರಿದರೆ ಹೊಸದು ಕೆತ್ತಿ ಅದೇ ಹೆಸರು ಇಡ್ತಾರೆ." ಹಾಗಾದರೆ ಜರ್ಮನರು ಒಯ್ದದ್ದು? ಅವನು ಹೆಗಲು ಹಾರಿಸಿದ. ಹಳೆಯ ಕೆಲಸ, ಒಳ್ಳೆಯ ಕೆಲಸ, ನೋಡಲು ಸಿಕ್ಕಿದ್ದರೆ ಕೈಗೆ ಕಲಿಯಲು ಆಗುತ್ತಿತ್ತು, ಅದರ ಫೋಟೋ ಇದ್ದರೆ ಕಳಿಸಿ ಅಂದ. ಕಳಿಸಿದ್ದೇನೆ. ಕಳೆದುಕೊಂಡದ್ದರ ಬಗ್ಗೆ ನಾನು ಪಟ್ಟಷ್ಟು ದುಃಖವನ್ನೂ ಅವನು ಪಡಲಿಲ್ಲ ಎಂಬುದು ನನಗೆ ಆ ಹೊತ್ತಿಗೆ ಸ್ವಲ್ಪ ಇರುಸುಮುರುಸಾಗಿತ್ತು.

ಚಾಂಬ್ರಿ ಕೆರೆಯ ಕಡೆಗಿನ ಐಬೊಮ್‌ನಲ್ಲಿ ಹೆಂಗಸರು ಮಾಡುವ ಸಾಗೋ ಹಂಡೆಗಳ ಕಂಠಕ್ಕೂ ಮುಖಗಳಿವೆ. ನೋಡಿದೆವು, ಒಯ್ಯುವುದು ಹೇಗೆಂದು ತಿಳಿಯದೆ ಬಿಟ್ಟೆವು. ತಂಬನುಮ್ ದೊಡ್ಡ ಊರು. 1938ರಲ್ಲಿ ಬೇಟ್ಸನ್ ಮತ್ತು ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಇದ್ದದ್ದು ಇಲ್ಲಿ. ದೋಣಿ ದಡ ಮುಟ್ಟುವಷ್ಟರಲ್ಲಿ ಹಾದಿಯ ಎರಡೂ ಕಡೆ ಮುಖವಾಡಗಳ ಸಂತೆಯೇ ನೆರೆದಿತ್ತು. ಪ್ರವಾಸಿ ಹಡಗಿನವರಿಗೆಂದು ಮಾಡಿದ ಸೂಟ್‌ಕೇಸ್ ಅಳತೆಯವು, ಬೂಟ್ ಪಾಲಿಶ್ ಹಾಕಿ ಮಿರಿಮಿರಿ ಮಿಂಚಿಸಿದವು, ಹೊಗೆಗೆ ಹಿಡಿದು ಮುದಿಯಾಗಿಸಿದವು. ಇವನ್ನು ನಕಲಿ ಎಂದು ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಶಾಲೆಯ ಫೀಸು, ಮೋಟಾರಿನ ಪೆಟ್ರೋಲು ಇದರಿಂದಲೇ ಬರಬೇಕು. ಅದಕ್ಕಿಂತ ಮುಖ್ಯವಾಗಿ, ಅಂಗಳದ ಕುಣಿತಕ್ಕೆ ಕೆತ್ತುವ ಕೈ ಪಳಗುವುದು ಇಲ್ಲೇ. ಅವಸರದ ಕೆಲಸ ಬೇಕಾದಷ್ಟಿತ್ತು ನಿಜ. ಆದರೆ ಸಾಲಿನ ಕೊನೆಯಲ್ಲಿ ಹುಡುಗನೊಬ್ಬ ಹಿಡಿದಿದ್ದ ಮೊಸಳೆ ಮೂಗಿನ ಮುಖ ಬರ್ಲಿನ್‌ನದಕ್ಕೆ ಏನೂ ಕಡಿಮೆಯಿರಲಿಲ್ಲ. ಚೀಲದಲ್ಲಿ ಜಾಗವಿರಲಿಲ್ಲ.

ಅಂಗೋರಾಮ್‌ನಲ್ಲಿ ನದಿ ಬಿಟ್ಟು ರಸ್ತೆ ಹತ್ತುವ ಮೊದಲು ನಿಂತದ್ದು ಮುಖವಾಡಕ್ಕಲ್ಲ. 1942ರಲ್ಲಿ ಸಿಂಗಪುರ ಬಿದ್ದಾಗ ಸೆರೆಸಿಕ್ಕ ಭಾರತೀಯ ಸೈನಿಕರಲ್ಲಿ ಸುಮಾರು ಮೂರು ಸಾವಿರ ಮಂದಿಯನ್ನು ಜಪಾನೀಯರು ಮರುವರ್ಷ ನ್ಯೂಗಿನಿಗೆ ಸಾಗಿಸಿ ವೆವಾಕ್ ಸುತ್ತ ಜೀತಕ್ಕೆ ಹಾಕಿದರು. ಹಸಿವು, ಮಲೇರಿಯಾ, ಹೊಡೆತ, ಕೊಲೆ. 1945ರ ಸೆಪ್ಟೆಂಬರ್‌ನಲ್ಲಿ ಅಂಗೋರಾಮ್‌ನಲ್ಲಿ ಆಸ್ಟ್ರೇಲಿಯನ್ನರಿಗೆ ಸಿಕ್ಕ ತಂಡದಲ್ಲಿ ಉಳಿದಿದ್ದವರು 11 ಜನ. ಅವರಲ್ಲಿ 10 ಮಂದಿ ಊರ ಕಡೆ ಹೊರಟು ನವೆಂಬರ್‌ನಲ್ಲಿ ವಿಮಾನ ಅಪಘಾತದಲ್ಲಿ ಸತ್ತರು. ಯುದ್ಧಾಪರಾಧ ವಿಚಾರಣೆಯಲ್ಲಿ ಸಾಕ್ಷಿ ಹೇಳಲು ಉಳಿದುಕೊಂಡ ಚಿಂತ್ ಸಿಂಗ್ ಒಬ್ಬರೇ ಬದುಕಿದರು. ಅಲ್ಲಿ ಆ ಸೈನಿಕರ ನೆನಪಿಗೊಂದು ಸ್ಮಾರಕವಿದೆ. ಹಣೆಗೆ ಕೈ ಮುಟ್ಟಿಸಿ, ಅಡಿಕೆ ಅಗಿಯುತ್ತ ನಿಂತಿದ್ದ ಊರಿನವರ ಜೊತೆ ಸ್ವಲ್ಪ ಹೊತ್ತು ನಿಂತು, ಹೊರಟೆವು.

ರಾಜಧಾನಿ ಪೋರ್ಟ್ ಮೊರೆಸ್ಬಿಯ ವೈಗಾನಿಯಲ್ಲಿ ಪಾರ್ಲಿಮೆಂಟ್ ಭವನ, 1984ರಲ್ಲಿ ಉದ್ಘಾಟನೆಯಾದದ್ದು. ಮಾಪ್ರಿಕ್‌ನ ದೈವದ ಮನೆಯನ್ನೇ ಕಾಂಕ್ರೀಟಿನಲ್ಲಿ ಎತ್ತಿ ನಿಲ್ಲಿಸಿದ ಹಾಗೆ ಅದೇ ಬಾಗಿದ ತ್ರಿಕೋನ. ಬಾಗಿಲ ಮೇಲಿನ ತೊಲೆಯಲ್ಲಿ ಪ್ರಾಂತ್ಯಗಳನ್ನು ಪ್ರತಿನಿಧಿಸುವ 19 ಕೆತ್ತಿದ ತಲೆಗಳಿದ್ದವು. 2013ರ ಕೊನೆಗೆ ಆಗಿನ ಸ್ಪೀಕರ್ ಥಿಯೊಡರ್ ಜುರೆನುವೊಕ್, ಇವು ದೆವ್ವಗಳು, ದೇಶಕ್ಕೆ ಶಾಪ ಎಂದು ಅವನ್ನು ಕತ್ತರಿಸಿ ತೆಗೆಸಿದರು. ದೇಶದ ಬಹುತೇಕರು ಕ್ರೈಸ್ತರು, ಆದರೂ ದೊಡ್ಡ ಗಲಾಟೆಯಾಯಿತು. 2016ರಲ್ಲಿ ಕೋರ್ಟು ಇದು ಕಾನೂನುಬಾಹಿರ, ಸರಿಪಡಿಸಿ ಎಂದು ತೀರ್ಪು ಕೊಟ್ಟಿತು. ಗೇಟಿನಾಚೆಯಿಂದ ಆ ಮುಂಭಾಗವನ್ನು ನೋಡುತ್ತ ನಿಂತಾಗ ತಮ್ಮ ಅಂದ, "ಆ ಮನುಷ್ಯನಷ್ಟು ಈ ಮುಖಗಳನ್ನ ನಂಬಿದವರು ನದೀಲೂ ಯಾರೂ ಸಿಗಲಿಲ್ಲ ನೋಡು." ಪಾಲಿಂಬೈಯವನು ಬೆಲೆ ಇಳಿಸಿ ಮಾರಿದ್ದ, ಇವರು ಹೆದರಿ ಗರಗಸ ತರಿಸಿದ್ದರು.

ಪಕ್ಕದಲ್ಲೇ ರಾಷ್ಟ್ರೀಯ ಮ್ಯೂಸಿಯಂ. ಹಳೆಯ ವಸ್ತುಗಳು, ಮನುಷ್ಯರ ಎಲುಬು ಸೇರಿದವು, ಬರ್ಡ್ ಆಫ್ ಪ್ಯಾರಡೈಸ್ ಹಕ್ಕಿಯ ಪುಕ್ಕವಿರುವವು ಸುಮ್ಮನೆ ದೇಶದಾಚೆ ಹೋಗುವಂತಿಲ್ಲ, ಅನುಮಾನವಿದ್ದರೆ ಇಲ್ಲಿ ತೋರಿಸಬೇಕು. ನಮ್ಮ ಅಕ್ಕನನ್ನು ಮೇಜಿನ ಮೇಲೆ ಮಲಗಿಸಿದೆವು. ಸಿಬ್ಬಂದಿಯ ಹುಡುಗಿ ತಿರುಗಿಸಿ ನೋಡಿ, ಮಣ್ಣು ಮೂಸಿ ನೋಡಿ, ಹೊಸದು ಅಂದಳು. ಕ್ಯಾಸೊವರಿ ಪುಕ್ಕ ಮಾತ್ರ ದಾರಿಯ ವಿಮಾನ ನಿಲ್ದಾಣಗಳಲ್ಲಿ ತಲೆನೋವು ತರಬಹುದು, ಕಿತ್ತಿಟ್ಟು ಹೋಗಿ ಎಂದು ಸಲಹೆ ಕೊಟ್ಟಳು. ತಮ್ಮ ಕಾರಿಡಾರಿನ ಬೆಂಚಿನ ಮೇಲೆ ಕೂತು ಒಂದೊಂದೇ ಕಿತ್ತು ಲೇಯ ತನ್ನ ಮನೆಗೆಂದು ಜೇಬಿಗೆ ಹಾಕಿಕೊಂಡ.

ಊರಿಗೆ ತಂದ ಮೇಲೆ ಅವಳ ಬೋಳು ತಲೆ ನೋಡಲಾಗದೆ ತೆಂಗಿನ ನಾರಿಗೆ ಮಸಿ ಹಚ್ಚಿ ಕಟ್ಟಿದೆ. ಫೋಟೋ ತೆಗೆದು ದೋಣಿಯವನ ಫೋನಿಗೆ ಕಳಿಸಿದ್ದಕ್ಕೆ, ಸಿಗ್ನಲ್ ಸಿಕ್ಕ ದಿನ ಕೆತ್ತಿದವನ ಉತ್ತರ ಬಂತು: ಕೂದಲು ಚೆನ್ನಾಗಿದೆ, ಹಕ್ಕಿಯ ಎಡಗಣ್ಣಿನ ಚಿಪ್ಪು ಸಡಿಲವಾದ ಹಾಗಿದೆ, ಒತ್ತಿ ಕೂರಿಸಿ, ತಮ್ಮನ ಕೆತ್ತನೆ ಮುಗಿದಿದೆ, ಯಾವಾಗ ಬರುತ್ತೀರಿ?